ಮಗಳ ಜೊತೆ ಸೈಕಲ್: ಮೈಸೂರಿನ ಐದು ದಾರಿ ತುಳಿದು ನೋಡಿದ ಮೇಲೆ

ನಮ್ಮ ಮನೆ ಕುವೆಂಪುನಗರದಲ್ಲಿ. 2017ರಲ್ಲಿ ಊರಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ, ಇಪ್ಪತ್ತು ವರ್ಷದ ಮೇಲೆ ಮತ್ತೆ ಪೆಡಲ್ ಮೇಲೆ ಕಾಲಿಟ್ಟವಳು ನಾನು. ಮಗಳಿಗೆ ಹನ್ನೆರಡು ತುಂಬಿದಾಗ ಅವಳಿಗೂ ದೊಡ್ಡ ಸೈಕಲ್ ಕೊಡಿಸಿದೆವು. ಅಲ್ಲಿಂದ ಪ್ರತಿ ಶನಿವಾರ ರಾತ್ರಿ ಅದೇ ಪ್ರಶ್ನೆ: ನಾಳೆ ಎಲ್ಲಿಗೆ? ಜೂನ್‌ನಿಂದ ಜನವರಿ ಕೊನೆವರೆಗೆ ಐದು ದಾರಿ ನೋಡಿದೆವು. ಒಂದೊಂದರಲ್ಲೂ ಕಡಿಮೆ ಅಂದರೆ ಮೂರು ಸಲ ಹೋಗಿ ಬಂದಿದ್ದೇವೆ.

ದೂರ, ಏರು, ನೋಟ ಇವನ್ನೆಲ್ಲ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಮನೆಗೆ ಬಂದ ಕೂಡಲೇ ಎರಡೇ ವಿಷಯ ಬರೆದಿಟ್ಟುಕೊಳ್ಳುತ್ತಿದ್ದೆ. ಹಿಂದಿನ ಗಾಡಿಗೆ ಹೆದರಿ ಎಷ್ಟು ಸಲ ಟಾರು ಬಿಟ್ಟು ಮಣ್ಣಿಗೆ ಇಳಿದೆವು? ಮುಂದೆ ಹೋಗುತ್ತಿರುವ ಮಗಳು ಮಾತಾಡಿದರೆ ಹಿಂದಿರುವ ನನಗೆ ಕೇಳುತ್ತಿತ್ತಾ? ಎರಡನೆಯದು ಮೊದಮೊದಲು ಸುಮ್ಮನೆ ಬರೆದದ್ದು. ಈಗ ಅದೇ ನನ್ನ ಮುಖ್ಯ ಅಳತೆ. ಅವಳ ದನಿ ಕೇಳಿಸುವ ರಸ್ತೆಯಲ್ಲಿ "ಎಡಕ್ಕೆ ಬಾ" ಅನ್ನುವ ನನ್ನ ದನಿಯೂ ಅವಳಿಗೆ ಕೇಳಿಸುತ್ತದೆ.

ಮೊದಲು ಹೋದದ್ದು ರಿಂಗ್ ರಸ್ತೆಗೆ. ಊರನ್ನು ಸುತ್ತುವ ಸುಮಾರು 42 ಕಿ.ಮೀ. ರಸ್ತೆ, ಆರು ಪಥ, ಹೆಚ್ಚಿನ ಕಡೆ ಪಕ್ಕದಲ್ಲಿ ಸರ್ವಿಸ್ ರಸ್ತೆ. ನಕ್ಷೆಯಲ್ಲಿ ನೋಡಿದರೆ ಇದಕ್ಕಿಂತ ಅನುಕೂಲದ್ದು ಇನ್ನೊಂದಿಲ್ಲ ಅನ್ನಿಸುತ್ತದೆ. ಆದರೆ ಅಗಲ ಇದ್ದಷ್ಟೂ ಗಾಡಿಗಳ ಓಟ ಜೋರು. ನಾವು ಹೋಗುವುದು ಗಂಟೆಗೆ 14 ಕಿ.ಮೀ. ವೇಗದಲ್ಲಿ. ಹಿಂದಿನಿಂದ 80ರಲ್ಲಿ ಬರುವ ಕಾರು ಒಂದೊಂದು ಸೆಕೆಂಡಿಗೆ 18 ಮೀಟರ್ ಹತ್ತಿರವಾಗುತ್ತದೆ. ಹಾರನ್ ಕೇಳಿ ತಿರುಗಿ ನೋಡುವಷ್ಟರಲ್ಲಿ ಪಕ್ಕದಲ್ಲೇ ಇರುತ್ತದೆ. ಸರ್ವಿಸ್ ರಸ್ತೆ ವಾಸಿ ಅಂದುಕೊಂಡರೆ, ಅದು ನಡುನಡುವೆ ಕಡಿದುಹೋಗಿ ನಮ್ಮನ್ನು ತಂದು ಮುಖ್ಯ ರಸ್ತೆಗೇ ಬಿಡುತ್ತದೆ. ಎದುರಿನಿಂದ ರಾಂಗ್ ಸೈಡಲ್ಲಿ ಬರುವ ಬೈಕುಗಳು ಬೇರೆ.

ಮಗಳು ಬಿದ್ದದ್ದು ಈ ಸರ್ವಿಸ್ ರಸ್ತೆಯಲ್ಲೇ, ಮೂರನೇ ಭಾನುವಾರ. ಮಳೆನೀರು ಇಳಿಯಲು ಚರಂಡಿ ಮೇಲೆ ಕಬ್ಬಿಣದ ಜಾಲರಿ ಹಾಕಿದ್ದರು. ಅದರ ಸಂದುಗಳು ರಸ್ತೆಗೆ ಅಡ್ಡವಾಗಿರಲಿಲ್ಲ, ಗಾಲಿ ಹೋಗುವ ದಿಕ್ಕಿಗೇ ಇದ್ದವು. ಮುಂದಿನ ಗಾಲಿ ಸಂದಿನೊಳಗೆ ಕೂತು ಸೈಕಲ್ ನಿಂತಲ್ಲೇ ನಿಂತಿತು, ಅವಳು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬಿದ್ದಳು. ಹೆಲ್ಮೆಟ್ ಇತ್ತು, ಮೊಣಕೈ ಮಾತ್ರ ತರಚಿತು. ನಾನು ಆ ಸಂದಿನಲ್ಲಿ ಬೆರಳಿಟ್ಟು ನೋಡಿದೆ: ಎರಡು ಬೆರಳು ಸಲೀಸಾಗಿ ಹೋಗುತ್ತವೆ, ಅವಳ ಟೈರ್ ಅಷ್ಟೂ ದಪ್ಪ ಇಲ್ಲ. ಅದನ್ನು ಕೂರಿಸುವಾಗ ಕಾಲು ಸುತ್ತು ತಿರುಗಿಸಿದ್ದರೆ ಸಾಕಿತ್ತು. ನಾನು ರಿಂಗ್ ರಸ್ತೆಗೆ ಕೊಡುವುದು ಸೊನ್ನೆ. ಅದನ್ನು ದಾಟಬೇಕು, ಅದರ ಮೇಲೆ ಹೋಗಬಾರದು.

ಇದಕ್ಕೆ ಪೂರಾ ಉಲ್ಟಾ ಮಾನಸಗಂಗೋತ್ರಿ, ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್. ಭಾನುವಾರ ಬೆಳಿಗ್ಗೆ ಆರೂವರೆಗೆ ಕ್ಯಾಂಪಸ್ಸಿನೊಳಗೆ ನಡೆಯುವವರು, ಒಂದೆರಡು ಸ್ಕೂಟರು, ಮರಗಳ ನೆರಳು. ಮಣ್ಣಿಗೆ ಇಳಿದದ್ದು ಒಂದು ಸಲವೂ ಇಲ್ಲ. ಮಗಳು ಶಾಲೆಯ ಕಥೆ ಪೂರ್ತಿ ಹೇಳಿ ಮುಗಿಸಿದಳು. ಸೈಕಲ್ ಕಲಿಯುವ ಮಕ್ಕಳನ್ನು ಇಲ್ಲಿಗೇ ಕರೆತನ್ನಿ ಅಂತ ಧೈರ್ಯವಾಗಿ ಹೇಳುತ್ತೇನೆ. ಪಕ್ಕದ ಕುಕ್ಕರಹಳ್ಳಿ ಕೆರೆ ಏರಿ ಮಾತ್ರ ನಡೆಯುವವರದ್ದು, ಅಲ್ಲಿಗೆ ಸೈಕಲ್ ಬೇಡ. ಕ್ಯಾಂಪಸ್ಸಿನ ಕೊರತೆ ಒಂದೇ, ಸುತ್ತು ಚಿಕ್ಕದು. ನಾಲ್ಕನೇ ವಾರಕ್ಕೆ "ಅಮ್ಮ, ಇವತ್ತೂ ಅಲ್ಲಿಗೇನಾ?" ಅಂದಳು.

ಆಗ ಚಾಮುಂಡಿ ಬೆಟ್ಟ. ಊರಿಗಿಂತ ಸುಮಾರು 300 ಮೀಟರ್ ಎತ್ತರ. ತಾವರೆಕಟ್ಟೆ ಕಡೆಯಿಂದ ಹತ್ತಿದೆವು, ಮೂರು ಕಡೆ ನಿಂತು ನೀರು ಕುಡಿದೆವು. ಹತ್ತುವಾಗ ನನಗೆ ಭಯವೇ ಆಗಲಿಲ್ಲ. ತಿರುವುಗಳಿರುವುದರಿಂದ ಗಾಡಿಗಳೂ ನಿಧಾನ, ಬೆಟ್ಟದ ಮೇಲೆ ಸೈಕಲ್ ಇದ್ದೇ ಇರುತ್ತದೆ ಅಂತ ಚಾಲಕರಿಗೂ ಗೊತ್ತು.

ಭಯವಾದದ್ದು ಇಳಿಯುವಾಗ. ಮಗಳ ಸೈಕಲ್ಲಿನದು ರಿಮ್ ಹಿಡಿಯುವ ಬ್ರೇಕು. ಅವಳು ಲಿವರ್ ಒತ್ತಿದ್ದು ಒತ್ತಿದಂತೆಯೇ ಇಳಿಯುತ್ತಿದ್ದಳು. ಅರ್ಧ ದಾರಿಗೆ ಕೀರಲು ಸದ್ದು ಶುರುವಾಯಿತು. ನಿಲ್ಲಿಸಿ ರಿಮ್ ಮುಟ್ಟಿದರೆ ಬೆರಳು ಚುರುಕ್ ಅಂದಿತು, ದೋಸೆ ಹೆಂಚಿನ ಅಂಚು ತಗುಲಿದ ಹಾಗೆ. ಬ್ರೇಕ್ ಶೂಗಳಲ್ಲಿನ ಗೀರುಗಳು ಸವೆದು ರಬ್ಬರ್ ನುಣ್ಣಗಾಗಿತ್ತು. ಹತ್ತು ನಿಮಿಷ ಮೆಟ್ಟಿಲ ಮೇಲೆ ಕೂತು ಆರಿಸಿಕೊಂಡು, ಉಳಿದದ್ದನ್ನು ಸೈಕಲ್ ತಳ್ಳಿಕೊಂಡೇ ಇಳಿದೆವು. ಮಾರನೇ ದಿನ ನಾಲ್ಕೂ ಶೂ ಬದಲಾಯಿಸಿದೆವು. ಅವತ್ತಿನಿಂದ ನಮ್ಮ ಪದ್ಧತಿ ಹೀಗೆ: ತಿರುವಿಗೆ ಮುಂಚೆಯೇ ಎರಡೂ ಬ್ರೇಕು ಹದವಾಗಿ ಹಿಡಿದು ವೇಗ ಇಳಿಸುವುದು, ತಿರುವು ದಾಟಿದ ಮೇಲೆ ಬಿಡುವುದು. ಮಳೆ ಬಿದ್ದರೆ ಬೆಟ್ಟವೇ ಬೇಡ. ಒದ್ದೆ ರಿಮ್ ಮೇಲೆ ಬ್ರೇಕು ತಡವಾಗಿ ಕಚ್ಚುತ್ತದೆ. 2021ರ ಅಕ್ಟೋಬರ್ ಮಳೆಗೆ ಬೆಟ್ಟದಲ್ಲಿ ನಂದಿ ವಿಗ್ರಹಕ್ಕೆ ಹೋಗುವ ರಸ್ತೆಯ ಅಂಚೇ ಕುಸಿದದ್ದು ಮೈಸೂರಿನವರಿಗೆಲ್ಲ ನೆನಪಿದೆ. ಆಷಾಢ ಶುಕ್ರವಾರಗಳ ಜನಜಂಗುಳಿಯಲ್ಲೂ ಅತ್ತ ಹೋಗಬೇಡಿ. ದೊಡ್ಡವರಿಗೆ ಬೆಟ್ಟ ಸೊಗಸಾದ ದಾರಿ. ಮಗುವಿಗೆ ಇಳಿಯುವ ಅಭ್ಯಾಸ ಬರುವವರೆಗೆ ಬೇಡ.

ಶ್ರೀರಂಗಪಟ್ಟಣವನ್ನು ಈ ಐದರಲ್ಲಿ ಸೇರಿಸಿಲ್ಲ. ಒಂದೇ ಸಲ ಹೋಗಿ ಬಿಟ್ಟೆವು. 2023ರ ಆಗಸ್ಟ್‌ನಿಂದ ಬೆಂಗಳೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ. ಅವೆಲ್ಲ ಸರ್ವಿಸ್ ರಸ್ತೆಗೆ ಬಂದಿವೆ. ಅಲ್ಲಿ ಸೈಕಲ್ಲಿಗೆ ಜಾಗವೇ ಉಳಿದಿಲ್ಲ.

ನಾಲ್ಕನೆಯದು ವರುಣಾ ನಾಲೆ. ತಿ. ನರಸೀಪುರ ರಸ್ತೆವರೆಗೆ ಊರೊಳಗೆ ತುಳಿದು, ಆಮೇಲೆ ನಾಲೆ ಪಕ್ಕದ ದಾರಿ ಹಿಡಿದೆವು. ನೀರು ಬಿಟ್ಟ ದಿನಗಳಲ್ಲಿ ತಂಪು ಗಾಳಿ, ಆಚೆ ಈಚೆ ಗದ್ದೆ, ಬೆಳ್ಳಕ್ಕಿ. ಗಾಡಿಗಳು ಇಲ್ಲವೇ ಇಲ್ಲ ಅನ್ನಬಹುದು. ಗಾಡಿಗಳನ್ನಷ್ಟೇ ಎಣಿಸಿದರೆ ಇದೇ ಮೊದಲ ಸ್ಥಾನ. ನಾನು ಹಾಗೆ ಎಣಿಸುವುದಿಲ್ಲ. ನಾಲೆಗೆ ತಡೆಗೋಡೆ ಇಲ್ಲ, ಕಾಂಕ್ರೀಟ್ ಇಳಿಜಾರು ಪಾಚಿಗಟ್ಟಿ ಜಾರುತ್ತದೆ, ಬಿದ್ದವರು ತಾವಾಗಿ ಹತ್ತಿ ಬರುವುದು ಕಷ್ಟ. ಹತ್ತಿರದಲ್ಲಿ ಕೂಗಿದರೆ ಓಡಿ ಬರುವವರೂ ಇರುವುದಿಲ್ಲ. ಜೊತೆಗೆ ಜಾಲಿ ಮುಳ್ಳು. ಎರಡನೇ ಸಲ ಹೋದಾಗ ಎರಡೂ ಸೈಕಲ್ ಪಂಕ್ಚರ್ ಆಗಿ ಮೂರು ಕಿ.ಮೀ. ತಳ್ಳಿದೆವು. ದೊಡ್ಡವರು ಇಬ್ಬರು ಮೂವರು ಸೇರಿ, ಪಂಪು ಮತ್ತು ಒಂದು ಹೆಚ್ಚಿನ ಟ್ಯೂಬ್ ಇಟ್ಟುಕೊಂಡು ಹೋದರೆ ಇದು ಬಹಳ ಚೆಂದದ ದಾರಿ. ಮಗಳನ್ನು ಕರೆದುಕೊಂಡು ಹೋದಾಗ ನಾನು ಸದಾ ನೀರಿನ ಕಡೆ, ಅವಳು ಗದ್ದೆ ಕಡೆ.

ಕೊನೆಗೆ ನಮ್ಮ ಮನಸ್ಸಿಗೆ ಹಿಡಿಸಿದ್ದು ಯಾರೂ ಹೆಸರು ಹೇಳದ ದಾರಿ. ದಟ್ಟಗಳ್ಳಿ ದಾಟಿ, ರಿಂಗ್ ರಸ್ತೆ ಆಚೆಗೆ ಹೋಗುವ ಹಳ್ಳಿ ರಸ್ತೆಗಳು. ಒಂದೂವರೆ ಗಾಡಿ ಅಗಲ, ಅಲ್ಲಲ್ಲಿ ಗುಂಡಿ, ಎಮ್ಮೆ, ನಾಯಿ, ಹಾಲಿನ ಕ್ಯಾನು ಕಟ್ಟಿದ ಬೈಕು. ನೋಡಿದರೆ ರಿಂಗ್ ರಸ್ತೆಗಿಂತ ಅಪಾಯ ಅನ್ನಿಸುತ್ತದೆ. ಆದರೆ ಟ್ರ್ಯಾಕ್ಟರ್ ಬರುವುದು 25ರಲ್ಲಿ, ಸೆಕೆಂಡಿಗೆ ಮೂರೇ ಮೀಟರ್ ಹತ್ತಿರವಾಗುತ್ತದೆ. ಚಾಲಕ ನಮ್ಮನ್ನು ನೋಡುತ್ತಾನೆ, ನಾವು ಅವನನ್ನು ನೋಡುತ್ತೇವೆ, ಅಗಲವಿದ್ದ ಕಡೆ ಕಾದು ಹೋಗುತ್ತಾನೆ. ಎರಡು ಗಂಟೆಯಲ್ಲಿ ಮಣ್ಣಿಗೆ ಇಳಿದದ್ದು ಎರಡು ಸಲ. ಮಗಳ ಮಾತು ಒಂದಕ್ಷರ ಬಿಡದೆ ಕೇಳಿಸಿತು.

ಜನವರಿಯಲ್ಲಿ ಒಂದು ತೊಡಕು ಬಂತು. ಹುರುಳಿ ಕಿತ್ತು ಟಾರಿನ ಮೇಲೆ ಹರಡಿದ್ದರು, ಗಾಡಿ ಓಡಿ ಕಾಳು ಬಿಡಲಿ ಅಂತ. ನಾವು ಇಳಿದು ನಿಂತೆವು. ಮೊರ ಹಿಡಿದಿದ್ದ ಅಜ್ಜಿ, "ಯಾಕವ್ವ ನಿಂತ್ಕಂಡ್ರಿ, ತುಳ್ಕಂಡ್ ಹೋಗಿ, ಕಾಳ್ ಉದುರ್ಲಿ" ಅಂದರು. ಹೋದೆವು. ಇಪ್ಪತ್ತು ಮಾರು ದಾಟುವಷ್ಟರಲ್ಲಿ ಹುರುಳಿ ಬಳ್ಳಿ ಹಿಂದಿನ ಗಾಲಿಯ ಗೇರಿಗೆ ಸುತ್ತಿಕೊಂಡು ಪೆಡಲ್ ಬಿಗಿಯಾಯಿತು. ಮಗಳು ಒಂದೊಂದೇ ಎಳೆ ಬಿಡಿಸಿದಳು, ಅಜ್ಜಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಳೆದು ಕೊಟ್ಟರು. ಈಗ ಒಕ್ಕಣೆ ಕಂಡರೆ ಇಳಿದು, ಸೈಕಲ್ ಎತ್ತಿಕೊಂಡು ದಾಟುತ್ತೇವೆ. ಹುಲ್ಲಿನ ಮೇಲೆ ಬ್ರೇಕು ಹಿಡಿದರೆ ಗಾಲಿ ಜಾರುವುದೂ ಉಂಟು.

ಈ ದಾರಿಗಿರುವ ದೊಡ್ಡ ಕುಂದು ಶುರುವಿನಲ್ಲೇ ಇದೆ: ಅಲ್ಲಿಗೆ ಹೋಗಬೇಕಾದರೆ ರಿಂಗ್ ರಸ್ತೆ ದಾಟಲೇಬೇಕು. ನಾವು ಇಳಿದು, ಸೈಕಲ್ ತಳ್ಳುತ್ತಾ, ಮೊದಲು ಮೂರು ಪಥ ದಾಟಿ ಡಿವೈಡರ್ ಹತ್ತಿರ ನಿಲ್ಲುತ್ತೇವೆ, ಆಮೇಲೆ ಇನ್ನು ಮೂರು. ಆ ನಡುವಿನ ಜಾಗ ಒಂದು ಸೈಕಲ್ಲಿನ ಉದ್ದಕ್ಕಿಂತ ಕಡಿಮೆ. ಅಡ್ಡಲಾಗಿ ನಿಲ್ಲಿಸಿಕೊಂಡು, ಮಗಳ ಸೀಟಿನ ಮೇಲೆ ಒಂದು ಕೈ ಇಟ್ಟು ಕಾಯುತ್ತೇನೆ. ಒಬ್ಬಳೇ ಹೋಗುತ್ತೇನೆ ಅಂತ ಅವಳು ಕೇಳುತ್ತಿದ್ದಾಳೆ. ಮಾನಸಗಂಗೋತ್ರಿಗೆ ಹ್ಞೂಂ ಅಂದಿದ್ದೇನೆ. ಹಳ್ಳಿ ರಸ್ತೆಗೂ ಹ್ಞೂಂ ಅನ್ನಲು ನನಗೆ ಬೇಕಿರುವುದು ಆ ದಾಟುವ ಜಾಗದಲ್ಲಿ ಒಂದು ಸಿಗ್ನಲ್, ಸೈಕಲ್ ತಳ್ಳುವ ಮಗು ಆರು ಪಥ ದಾಟುವವರೆಗೆ ಕೆಂಪಿರುವ ದೀಪ. ಅದನ್ನು ಬರೆದು ಅರ್ಜಿ ಕೊಟ್ಟಿದ್ದೇನೆ, ಬೀದಿಯ ಹದಿನಾಲ್ಕು ಮನೆಯವರು ಸಹಿ ಹಾಕಿದ್ದಾರೆ.