ಒಂದೇ ಬಟ್ಟಲಿನ ಊಟಕ್ಕೆ ಮೂರು ಲೀಟರ್ ಹಂಡಿ ಕುಕ್ಕರ್

ನಮ್ಮದು ಇಬ್ಬರೇ ಇರುವ ಮನೆ. ರಾತ್ರಿ ಹೊತ್ತು ಅನ್ನ, ಹುಳಿ, ಪಲ್ಯ ಅಂತ ಮೂರು ಪಾತ್ರೆ ಇಡುವುದನ್ನು ಬಿಟ್ಟಿದ್ದೇನೆ. ಈಗ ಎಲ್ಲವೂ 3 ಲೀಟರಿನ ಟ್ರೈಪ್ಲೈ, ಅಂದರೆ ಮೂರು ಪದರದ, ಹಂಡಿ ಕುಕ್ಕರಿನಲ್ಲೇ. ಒಳಗೂ ಹೊರಗೂ ಸ್ಟೀಲ್, ನಡುವೆ ಅಲ್ಯೂಮಿನಿಯಂ. ಕಾವು ತಳದಲ್ಲೇ ನಿಲ್ಲದೆ ಪಕ್ಕಕ್ಕೂ ಏರುತ್ತದೆ. ಹುಣಸೆಹುಳಿ, ಟೊಮೆಟೊ ಹಾಕಿದರೂ ತಾಗುವುದು ಸ್ಟೀಲಿಗೆ ಮಾತ್ರ.

ನನಗೆ ಬಹಳ ಹಿಡಿಸಿದ್ದು ಇದರ ದುಂಡು ಹೊಟ್ಟೆ. ಒಂದು ಚಮಚ ತುಪ್ಪ ಹಾಕಿದರೂ ನಡುವಿಗೇ ಬಂದು ನಿಲ್ಲುತ್ತದೆ. ಸಾಸಿವೆ, ಇಂಗು, ಕರಿಬೇವು ಅದರಲ್ಲೇ ಚೆನ್ನಾಗಿ ಸಿಡಿಯುತ್ತವೆ. ಮೂಲೆಗಳಿಲ್ಲ, ಹಾಗಾಗಿ ಸೌಟಿಗೆ ಸಿಗದ ಜಾಗವೂ ಇಲ್ಲ.

ನವಣೆ ಬಿಸಿಬೇಳೆ ಇದರಲ್ಲಿ ಸೊಗಸಾಗಿ ಆಗುತ್ತದೆ. ನೆನೆಸಿದ ನವಣೆ ಅರ್ಧ ಲೋಟ, ತೊಗರಿಬೇಳೆ ಅರ್ಧ ಲೋಟ, ನೀರು ನಾಲ್ಕು ಲೋಟ. ಜೊತೆಗೆ ನವಿಲುಕೋಸು, ಬೀನ್ಸ್, ಹಸಿ ಕಡಲೆಕಾಯಿ ಬೀಜ. ಹುಣಸೆರಸ, ಬಿಸಿಬೇಳೆ ಪುಡಿ ಇವೆರಡನ್ನೂ ಮುಚ್ಚಳ ತೆಗೆದ ಮೇಲೆ ಹಾಕಿ. ಹುಳಿ ಮೊದಲೇ ಬಿದ್ದರೆ ಬೇಳೆ ಬೇಗ ಬೇಯುವುದಿಲ್ಲ, ಪುಡಿ ಮೊದಲೇ ಬಿದ್ದರೆ ತಳ ಹಿಡಿಯುತ್ತದೆ. ಬೇಳೆ ಇದ್ದಾಗ ಅರ್ಧಕ್ಕಿಂತ ಜಾಸ್ತಿ ತುಂಬಲೇಬಾರದು, ನೊರೆ ಉಕ್ಕಿ ವಿಷಲ್ ಕಟ್ಟಿಕೊಳ್ಳುತ್ತದೆ.

ಇಷ್ಟಕ್ಕೇ ಯಾಕೆ ನಿಲ್ಲಬೇಕು, ಅಲ್ವಾ? ಮಜ್ಜಿಗೆಹುಲ್ಲು (ಲೆಮನ್ ಗ್ರಾಸ್), ಶುಂಠಿ, ಮಲೆನಾಡಿನ ಜೀರಿಗೆಮೆಣಸು ಜಜ್ಜಿ ಎಣ್ಣೆಯಲ್ಲಿ ಬಾಡಿಸಿ. ಸಿಹಿಗೆಣಸು, ಕ್ಯಾರೆಟ್ ಹೋಳು ಹಾಕಿ, ಒಂದು ಲೋಟ ನೀರು ಹೊಯ್ದು ಒಂದು ವಿಷಲ್ ಕೂಗಿಸಿ. ಆಮೇಲೆ ತೆಂಗಿನ ಹಾಲು, ನೆನೆಸಿದ ಅಕ್ಕಿ ಶಾವಿಗೆ. ಇಲ್ಲಿಂದ ಮುಚ್ಚಳ ಬೇಡ, ಸಣ್ಣ ಉರಿ ಸಾಕು. ಹಾಲು ಕುದ್ದರೆ ಒಡೆಯುತ್ತದೆ. ಒಲೆ ಆರಿಸಿ ನಿಂಬೆಹಣ್ಣು ಹಿಂಡಿ. ಥಾಯ್ ಊಟದ ಘಮ, ಆದರೆ ಹಾಕಿದ್ದೆಲ್ಲ ನಮ್ಮ ಸಂತೆಯ ಸಾಮಾನೇ! ತೊಳೆಯಲು ಒಂದೇ ಪಾತ್ರೆ ಅಂತ ಗೊತ್ತಿದ್ದರೆ ಹೊಸ ರುಚಿ ನೋಡಲು ಧೈರ್ಯವೂ ಬರುತ್ತದೆ.

ಕೊರತೆಯೂ ಇದೆ. ತೂಕ ಜಾಸ್ತಿ, ಮಣಿಕಟ್ಟು ನೋವಿರುವವರು ಅಂಗಡಿಯಲ್ಲೇ ಎತ್ತಿ ನೋಡಿ. ಜೊತೆಗೆ ಬಂದ ಪುಸ್ತಿಕೆ ಬರೀ ವಿಷಲ್ ಲೆಕ್ಕ ಹೇಳುತ್ತದೆ, ಅದು ಸಾಲದು. ದಪ್ಪ ತಳವಾದ್ದರಿಂದ ಒಲೆ ಆರಿಸಿದ ಮೇಲೂ ಒಳಗೆ ಬೇಯುತ್ತಲೇ ಇರುತ್ತದೆ. ಪಲಾವಿಗೆ ಒಂದು ವಿಷಲ್ ಕಡಿಮೆ ಮಾಡಿ, ಇಲ್ಲವಾದರೆ ಅನ್ನ ಮುದ್ದೆಯಾಗುತ್ತದೆ. ನಾಲ್ಕೈದು ಜನರ ಮನೆಗೆ 5 ಲೀಟರಿನದೇ ಸರಿ.

ಕೊಳ್ಳುವಾಗ ಇನ್ನೊಂದು ಗ್ಯಾಸ್ಕೆಟ್ ಕೂಡ ಕೇಳಿ ತಗೊಳ್ಳಿ. ರಬ್ಬರಿಗೆ ಹಿಡಿದ ಇಂಗು, ಮಸಾಲೆ ವಾಸನೆ ಸುಲಭಕ್ಕೆ ಬಿಡುವುದಿಲ್ಲ. ಸಿಹಿ ಪೊಂಗಲ್ ಮಾಡುವ ದಿನಕ್ಕೆ ಬೇರೆಯದೇ ಇರಲಿ.