ಮೋಶಿಯ ಧೂಳಿನಲ್ಲಿ ಕಾಗದದ ಫಿಲ್ಟರ್ ಮತ್ತು ಹತ್ತಿಯ ಫಿಲ್ಟರ್

ಐದು ಸಾವಿರ ರೂಪಾಯಿ ಕೊಟ್ಟು ತಂದ, ತೊಳೆದು ಮತ್ತೆ ಬಳಸಬಹುದಾದ, ಕಾರಿನ ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಹತ್ತಿಯ ಏರ್ ಫಿಲ್ಟರ್ ಈಗ ನಮ್ಮ ಅಟ್ಟದ ಮೇಲಿದೆ. ಕಾರಿನಲ್ಲಿರುವುದು ಐದುನೂರು ರೂಪಾಯಿಯ ಕಾಗದದ ಫಿಲ್ಟರ್. ಪುಣೆಯ ಮೋಶಿಯಿಂದ ಚಾಕಣಕ್ಕೆ ದಿನವೂ ಓಡಾಡುವ ನನ್ನ ಡೀಸೆಲ್ ಕಾರಿಗೆ ಮಳೆಗಾಲ ಬಿಟ್ಟರೆ ಉಳಿದೆಲ್ಲ ದಿನ ಕ್ರಷರ್‌ಗಳ ಕಲ್ಲುಪುಡಿ ತಪ್ಪಿದ್ದಲ್ಲ.

ಹತ್ತಿಯ ಫಿಲ್ಟರಿನ ನೇಯ್ಗೆ ಸಡಿಲವಾಗಿರುವುದರಿಂದ ಧೂಳನ್ನು ಹಿಡಿಯುವ ಕೆಲಸದ ಬಹುಪಾಲು ಅದಕ್ಕೆ ಹಚ್ಚಿದ ಎಣ್ಣೆಯದು. ತೊಳೆದು, ನೆರಳಿನಲ್ಲಿ ಒಣಗಿಸಿ, ಮಡಿಕೆ ಮಡಿಕೆಗೂ ಎಣ್ಣೆ ಹಾಕಬೇಕು. ಧೂಳು ಹೆಚ್ಚಿರುವಲ್ಲಿ ಎಣ್ಣೆಯೂ ಹೆಚ್ಚಿರಲಿ ಎಂದು ನಾನು ಧಾರಾಳವಾಗಿಯೇ ಸುರಿದೆ. ವಾರ ಕಳೆಯುವಷ್ಟರಲ್ಲಿ ನಾಸಿಕ್ ರಸ್ತೆಯಲ್ಲಿ ಪಿಕಪ್ ಬಿದ್ದುಹೋಗಿ, ಎಂಜಿನ್ ದೀಪ ಹೊತ್ತಿಕೊಂಡಿತು.

ಭೋಸರಿಯಲ್ಲಿ ಗ್ಯಾರೇಜು ಇಟ್ಟಿರುವ ಇಂಡಿ ಕಡೆಯ ಮೆಕ್ಯಾನಿಕ್ ಫಿಲ್ಟರನ್ನು ಹೊರಗೆಳೆದು, ‘ಸರ, ಇದಕ್ಕೂ ಎಣ್ಣಿಗಾಯಿ ಮಾಡೀರೇನ್ರಿ?’ ಎಂದರು. ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಫಿಲ್ಟರಿನ ಹಿಂದೆಯೇ ಇರುತ್ತದೆ. ಕಾಯಿಸಿದ ಸಣ್ಣ ತಂತಿಯನ್ನು ಗಾಳಿ ಎಷ್ಟು ತಣಿಸುತ್ತದೆ ಎಂಬುದರ ಮೇಲೆ ಅದರ ಲೆಕ್ಕ. ಫಿಲ್ಟರಿನಿಂದ ಹಾರಿಬಂದ ಎಣ್ಣೆ ಮತ್ತು ಧೂಳು ಆ ತಂತಿಗೆ ಅಂಟಿಕೊಂಡಿದ್ದರಿಂದ ಗಾಳಿ ಕಡಿಮೆಯಾಗಿದೆಯೆಂದು ತಪ್ಪು ತಿಳಿದ ಎಂಜಿನ್ ಡೀಸೆಲನ್ನೂ ಕಡಿಮೆ ಮಾಡಿತ್ತು. ಬಟ್ಟೆ, ಬ್ರಷ್ ಯಾವುದನ್ನೂ ಸೋಕಿಸದೆ, ಅದಕ್ಕೆಂದೇ ಇರುವ ಸ್ಪ್ರೇ ಹೊಡೆದ ಮೇಲೆ ಕಾರು ಸರಿಹೋಯಿತು.

ಮುಂದಿನ ಸಲ ಎಣ್ಣೆ ಹಿತಮಿತವಾಗಿಯೇ ಬಿದ್ದಿತು. ಆದರೆ ಅದು ಜುಲೈ. ಒಣಗಲು ಎರಡು ದಿನ ಹಿಡಿಯಿತು. ಫಿಲ್ಟರಿಲ್ಲದೆ ಎಂಜಿನ್ ಚಾಲೂ ಮಾಡುವಂತಿಲ್ಲವಾದ್ದರಿಂದ ಅಷ್ಟು ದಿನವೂ ಕಾರಿಗೆ ರಜೆ, ನನಗೆ ಸಿಟಿ ಬಸ್ಸು.

ಶಕ್ತಿಯಲ್ಲಾಗಲಿ ಮೈಲೇಜಿನಲ್ಲಾಗಲಿ ಎರಡೂ ಫಿಲ್ಟರುಗಳ ನಡುವೆ ನನಗೆ ವ್ಯತ್ಯಾಸ ಕಾಣಲಿಲ್ಲ.

ಕಾಗದದ ಫಿಲ್ಟರಿಗೆ ಇಂಥ ಉಪಚಾರ ಬೇಡ. ಅದರ ಮೇಲೆ ಕೂತ ತೆಳುವಾದ ಧೂಳಿನ ಪದರವೇ ಇನ್ನೂ ಸಣ್ಣ ಕಣಗಳನ್ನು ತಡೆಯುವುದರಿಂದ, ಪದೇ ಪದೇ ತೆಗೆದು ಕಂಪ್ರೆಸರಿನ ಗಾಳಿ ಹೊಡೆಸುವುದು ನಷ್ಟದ ಕೆಲಸ. ಕಾಗದ ಹರಿಯುವ ಅಪಾಯವೂ ಇದೆ. ನಾನು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹೊಸದನ್ನೇ ಹಾಕಿಸುತ್ತೇನೆ. ಊರಾದ ವಿಜಯಪುರಕ್ಕೆ ತಿಂಗಳಿಗೊಮ್ಮೆ ಹೋಗಿಬರುವುದೂ ಸೇರಿ ವರ್ಷದ ಓಟ ಸುಮಾರು ಹದಿನಾರು ಸಾವಿರ, ಖರ್ಚು ಎಂಟುನೂರು ರೂಪಾಯಿ. ಈ ಲೆಕ್ಕದಲ್ಲಿ ಹತ್ತಿಯದರ ದುಡ್ಡು ಮರಳಲು, ತೊಳೆಯುವ ದ್ರವ ಮತ್ತು ಎಣ್ಣೆಯ ಬೆಲೆ ಬಿಟ್ಟರೂ, ಆರು ವರ್ಷಕ್ಕೂ ಹೆಚ್ಚು ಬೇಕು. ಅಷ್ಟು ವರ್ಷ ನಾನು ಒಂದೇ ಕಾರು ಇಟ್ಟುಕೊಂಡವನಲ್ಲ.

ನಡುವೆ ಇನ್ನೂರು ರೂಪಾಯಿಯ ಹೆಸರಿಲ್ಲದ ಕಾಗದದ ಫಿಲ್ಟರನ್ನೂ ಹಾಕಿಸಿ ನೋಡಿದ್ದೆ. ಅದರ ರಬ್ಬರ್ ಅಂಚು ಡಬ್ಬಿಯಲ್ಲಿ ಸರಿಯಾಗಿ ಕೂರಲಿಲ್ಲ; ಎಂಜಿನ್ ಕಡೆಯ ಕೊಳವೆಯಲ್ಲಿ ಬೆರಳಾಡಿಸಿದರೆ ಮೋಶಿಯ ಕಲ್ಲುಪುಡಿ ಕೈಗೆ ಹತ್ತಿತು, ಅಂದೇ ತೆಗೆಸಿದೆ.