ಎಕ್ಲಿಪ್ಸ್ ಸಿಡಿಟಿಯ ಮೇಕ್‌ಫೈಲ್: ಕೈ ಹಾಕುವ ಜಾಗವೇ ಬೇರೆ

ಸರ್ಕ್ಯೂಟ್ ಬೋರ್ಡ್‌ಗಳಿಗೆ ಸಿ ಕೋಡ್ ಬರೆಯೋದು ನನ್ನ ಕೆಲಸ, ಅದಕ್ಕೆ ಬಳಸುವ ಎಕ್ಲಿಪ್ಸ್ ಸಿಡಿಟಿ ಅನ್ನುವ ಸಾಫ್ಟ್‌ವೇರ್ ದಿನವಿಡೀ ತೆರೆದೇ ಇರುತ್ತದೆ. ಕೋಡನ್ನು ಹೇಗೆ ಬಿಲ್ಡ್ ಮಾಡಬೇಕು ಅಂತ ಮೇಕ್ ಅನ್ನುವ ಟೂಲ್‌ಗೆ ಹೇಳುವ ಮೇಕ್‌ಫೈಲನ್ನು ಅದೇ ಬರೆದುಕೊಳ್ಳುತ್ತದೆ. ಹೊಸ ಫೈಲ್ ಸೇರಿಸಿ, ಸುತ್ತಿಗೆ ಬಟನ್ ಒತ್ತಿ, ಮುಗೀತು. ಅಷ್ಟಕ್ಕೆ ಐದಕ್ಕೆ ಐದು ಕೊಡಬಹುದು. ಅದರೊಳಗೆ ನಮ್ಮದೂ ಎರಡು ಸಾಲು ಇರಲಿ ಅಂದಾಗ ಮಾತ್ರ ಮೂರೂವರೆಗೆ ಇಳಿಯುತ್ತದೆ.

ನನಗೆ ಬೇಕಿದ್ದದ್ದು ಇಷ್ಟೇ. ಬಿಲ್ಡ್ ಆದ ಮೇಲೆ ಸಿಗುವ ಎಲ್ಫ್ ಫೈಲ್‌ನಿಂದ, ಬೋರ್ಡ್‌ಗೆ ನೇರವಾಗಿ ಬರೆಯಬಹುದಾದ ಬಿನ್ ಫೈಲ್ ಆಗಬೇಕು, ಆಮೇಲೆ ಅದು ಬೋರ್ಡ್‌ಗೆ ಹೋಗಬೇಕು. ಡೀಬಗ್ ಫೋಲ್ಡರ್‌ನಲ್ಲಿದ್ದ ಮೇಕ್‌ಫೈಲನ್ನೇ ತೆರೆದು ಬರೆದೆ. ಕೆಲಸ ಮಾಡಿತು, ಖುಷಿಯಾಗಿ ಮನೆಗೆ ಹೋದೆ. ಮರುದಿನ ಒಂದು ಹೊಸ ಸಿ ಫೈಲ್ ಸೇರಿಸಿ ಬಿಲ್ಡ್ ಮಾಡಿದೆ ನೋಡಿ, ನಾನು ಬರೆದದ್ದೆಲ್ಲ ಮಾಯ. ತಪ್ಪು ನನ್ನದೇ ಬಿಡಿ, ತಾನಾಗಿ ತಯಾರಾದ ಫೈಲ್, ತಿದ್ದಬೇಡಿ ಅಂತ ಮೇಲೇ ಇತ್ತು. ಅಂಥ ಸಾಲನ್ನೆಲ್ಲ ಯಾರು ಓದುತ್ತಾರೆ?

ಆದರೆ ಅದೇ ಫೈಲನ್ನು ನಿಧಾನಕ್ಕೆ ಓದಿದರೆ ದಾರಿ ಅಲ್ಲೇ ಇದೆ. ಶುರುವಿನಲ್ಲಿ ಮೇಕ್‌ಫೈಲ್.ಇನಿಟ್, ನಡುವೆ ಮೇಕ್‌ಫೈಲ್.ಡೆಫ್ಸ್, ಕೊನೆಯಲ್ಲಿ ಮೇಕ್‌ಫೈಲ್.ಟಾರ್ಗೆಟ್ಸ್ ಅಂತ ಮೂರು ಇನ್‌ಕ್ಲೂಡ್ ಸಾಲುಗಳು, ಅಂದರೆ ಬೇರೆ ಫೈಲನ್ನು ಒಳಗೆ ಸೇರಿಸಿಕೊಳ್ಳುವ ಸಾಲುಗಳು. ಆ ಹೆಸರಿನ ಫೈಲ್‌ಗಳನ್ನು ನಾವು ಪ್ರಾಜೆಕ್ಟ್‌ನ ರೂಟ್‌ನಲ್ಲಿ ಇಟ್ಟರೆ ಸಾಕು, ಸಿಡಿಟಿ ಎಷ್ಟು ಸಲ ಹೊಸದಾಗಿ ಬರೆದರೂ ನಮ್ಮದು ಉಳಿಯುತ್ತದೆ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ಗೂ ಹೋಗುತ್ತದೆ. ಸೊಗಸಾದ ಉಪಾಯ, ಅಲ್ವಾ? ಸೆಟ್ಟಿಂಗ್ಸ್ ಪುಟದಲ್ಲಿ ಈ ಹೆಸರುಗಳನ್ನು ಬರೆದಿದ್ದರೆ ಇನ್ನೂ ಅರ್ಧ ಅಂಕ ಕೊಡುತ್ತಿದ್ದೆ.

ಯಾವುದನ್ನು ಎಲ್ಲಿ ಇಡಬೇಕು ಅನ್ನೋದೇ ಮುಖ್ಯ. ಲೈಬ್ರರಿಗಳ ಪಟ್ಟಿ ಇರುವ ಲಿಬ್ಸ್ ವೇರಿಯಬಲ್‌ಗೆ ಒಂದು ಲೈಬ್ರರಿ ಸೇರಿಸೋಣ ಅಂತ ಇನಿಟ್‌ನಲ್ಲಿ ಬರೆದರೆ, ಆಮೇಲೆ ಬರುವ, ಸಿಡಿಟಿಯೇ ಬರೆದ ಆಬ್ಜೆಕ್ಟ್ಸ್.ಎಂಕೆ ಫೈಲ್ ಅದನ್ನು ಒರೆಸಿಹಾಕುತ್ತದೆ. ಅದೇ ಸಾಲು ಡೆಫ್ಸ್‌ನಲ್ಲಿದ್ದರೆ ನಿಲ್ಲುತ್ತದೆ. ಫ್ಲ್ಯಾಶ್ ಮಾಡುವ, ಅಂದರೆ ಬಿನ್ ಫೈಲನ್ನು ಬೋರ್ಡ್‌ಗೆ ಬರೆಯುವ ರೂಲ್ ಟಾರ್ಗೆಟ್ಸ್‌ನಲ್ಲೇ ಇರಲಿ. ಇನಿಟ್‌ನಲ್ಲಿಟ್ಟರೆ ಅದೇ ಮೊದಲ ಟಾರ್ಗೆಟ್ (ಮೇಕ್ ಮಾಡಬೇಕಾದ ಕೆಲಸ) ಆಗಿ, ಟರ್ಮಿನಲ್‌ನಲ್ಲಿ ಸುಮ್ನೆ ಮೇಕ್ ಅಂದರೂ ಬೋರ್ಡ್‌ಗೆ ಬರೆಯೋಕೆ ಹೊರಡುತ್ತದೆ.

ಇನ್ನೊಂದು. ಆ ಇನ್‌ಕ್ಲೂಡ್‌ಗಳ ಶುರುವಿನಲ್ಲೇ ಒಂದು ಸಣ್ಣ ಗೆರೆ (-) ಇದೆ, ಫೈಲ್ ಸಿಗದಿದ್ದರೆ ಸುಮ್ಮನಿರು ಅಂತ ಅದರ ಅರ್ಥ. ನಾನು ಕೊನೆಯ ಎಸ್ ಬಿಟ್ಟು ಟಾರ್ಗೆಟ್ ಅಂತ ಹೆಸರಿಟ್ಟು, ಎರರೂ ಇಲ್ಲ, ಕೆಲಸವೂ ಇಲ್ಲ, ಒಂದು ಗಂಟೆ ಪರದೆ ನೋಡುತ್ತಾ ಕೂತಿದ್ದೆ. ರೂಲ್ ಕೆಳಗೆ ಟ್ಯಾಬ್ ಬದಲು ಸ್ಪೇಸ್ ಹಾಕಿದರೆ ಮಿಸ್ಸಿಂಗ್ ಸೆಪರೇಟರ್ ಅಂತ ಬೈಗುಳ ಬೇರೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಮೇಕ್ ಬರೆದರು, ಆ ಟ್ಯಾಬ್ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಬರೀ ಬಿನ್ ಫೈಲ್ ಸಾಕು ಅನ್ನುವವರಿಗೆ ಇಷ್ಟೆಲ್ಲ ಬೇಡ. ಸೆಟ್ಟಿಂಗ್ಸ್ ಪುಟದ ಬಿಲ್ಡ್ ಸ್ಟೆಪ್ಸ್ ಟ್ಯಾಬ್‌ನ ಪೋಸ್ಟ್ ಬಿಲ್ಡ್ ಜಾಗದಲ್ಲಿ, ಎಲ್ಫನ್ನು ಬಿನ್ ಮಾಡುವ ಆಬ್ಜ್‌ಕಾಪಿ ಕಮಾಂಡ್ ಹಾಕಿ. ಆದರೆ ಅಲ್ಲಿ ಬರೆದದ್ದೆಲ್ಲ ಸಿಪ್ರಾಜೆಕ್ಟ್ ಅನ್ನುವ ಎಕ್ಸ್‌ಎಂಎಲ್ ಫೈಲಿಗೆ ಹೋಗಿ ಕೂರುತ್ತದೆ. ಇಬ್ಬರು ಒಂದೇ ದಿನ ಸೆಟ್ಟಿಂಗ್ ಬದಲಿಸಿದರೆ ಗಿಟ್‌ನಲ್ಲಿ ಮರ್ಜ್ ಮಾಡುವವರ ಪಾಡು ಬೇಡ. ಅದಕ್ಕೇ ನಾನು ಒಂದು ಸಾಲಿಗಿಂತ ಜಾಸ್ತಿ ಇರುವುದನ್ನೆಲ್ಲ ಟಾರ್ಗೆಟ್ಸ್ ಫೈಲಿಗೇ ತುಂಬುತ್ತೇನೆ. ಈಗ ಎಸ್ ಮರೆಯುವುದಿಲ್ಲ.